ಶೇಖರಪ್ಪನ ಗಿರಣಿಯ ಹಿಟ್ಟು

ಮಹಾಶ್ವೇತಾಳ ತಟ್ಟೆ ಬೇರೆಯಾಗಿ ಮೂರು ತಿಂಗಳಾಗಿತ್ತು. ತಟ್ಟೆಯೊಂದೇ ಅಲ್ಲ, ಹಂಚು, ಸೌಟು, ಸೋಸುವ ಜರಡಿ, ಪಾತ್ರೆ ತಿಕ್ಕುವ ಸ್ಪಂಜು ಎಲ್ಲವೂ ಬೇರೆ. ಮೆಲ್ಬರ್ನಿನ ಹೊರವಲಯ ಕ್ರೇಗಿಬರ್ನಿನ ಆ ಮನೆಯ ಅಡುಗೆಕಟ್ಟೆಯ ಎಡಮೂಲೆಗೆ ನೀಲಿ ಟೇಪು ಅಂಟಿಸಿ, ಇದರ ಈಚೆ ಯಾರೂ ಚಪಾತಿ ಇಡಬಾರದೆಂದು ಗಡಿ ಹಾಕಿಕೊಂಡಿದ್ದಳು. ಟೇಪು ಹಚ್ಚಿದ ಮರುದಿನವೇ ಅದರ ಮೇಲೆ ಬ್ರೆಡ್ಡಿನ ಪುಡಿ ಬಿದ್ದಿತ್ತು. ಯಾರನ್ನೂ ಕೇಳದೆ ಒರೆಸಿದಳು.

ಫೆಬ್ರವರಿಯಲ್ಲಿ ಡಾಕ್ಟರು ಸೀಲಿಯಾಕ್ ಎಂದು ಹೇಳಿದಾಗ ಅವಳ ತೂಕ ನಲವತ್ನಾಲ್ಕು ಕಿಲೋಗೆ ಇಳಿದಿತ್ತು. ಗೋಧಿ, ಬಾರ್ಲಿ ಮುಂತಾದವುಗಳಲ್ಲಿರುವ ಗ್ಲುಟನ್ ಎಂಬ ಅಂಟು ಅವಳ ಕರುಳಿನ ಒಳಪದರವನ್ನು ಸವೆಸಿಬಿಟ್ಟಿದೆ, ಇನ್ನು ಜೀವಮಾನವಿಡೀ ಒಂದು ಚೂರೂ ಹೊಟ್ಟೆಗೆ ಹೋಗಕೂಡದು ಎಂದರು. ಕರುಳು ಮಾಯುವವರೆಗೆ ಹಾಲೂ ಬೇಡ. ದಿನಕ್ಕೆ ಎರಡು ಹೊತ್ತು ಗ್ಲುಟನ್ ಇಲ್ಲದ, ಹಾಲಿಲ್ಲದ ಪ್ರೋಟೀನ್ ಪುಡಿ ಕಲಸಿ ಕುಡಿಯಬೇಕು. ಆಗಸ್ಟಿನಲ್ಲಿ ಮತ್ತೆ ರಕ್ತ ಪರೀಕ್ಷೆ. ಆಗಲೂ ರಕ್ತದಲ್ಲಿ ಈ ಕಾಯಿಲೆಯ ಅಂಕಿ ಇಳಿಯದಿದ್ದರೆ ಇನ್ನೊಮ್ಮೆ ಗಂಟಲಿಂದ ಕೊಳವೆ ಇಳಿಸಿ ಕರುಳು ನೋಡಬೇಕು, ಸ್ಟಿರಾಯ್ಡ್ ಕೊಡಬೇಕಾದೀತು ಎಂದರು.

"ಒಂದ್ ಚೂರೂ ಅಂದ್ರ?" ಎಂದು ಕಾರಿನಲ್ಲಿ ಗಂಡ ವಿಜಯ ಕೇಳಿದ್ದ.

"ಒಂದ್ ಚೂರೂ ಅಂದ್ರ ಒಂದ್ ಚೂರೂ ರೀ."

"ಹಂಗ ಹೇಳ್ತಾರ ಬಿಡು. ಇಷ್ಟ ವರ್ಷ ಗೋದಿಹುಗ್ಗಿ ಉಂಡೇನ ಬೆಳದೀವಿ ನಾವೆಲ್ಲಾ."

ವಿಜಯ ಕೆಟ್ಟವನಲ್ಲ. ನಗರಸಭೆಯ ರಸ್ತೆ ವಿಭಾಗದಲ್ಲಿ ಎಂಜಿನಿಯರು. ಚರಂಡಿ ಎಷ್ಟು ಇಳಿಜಾರಿರಬೇಕೆಂದು ಮಿಲಿಮೀಟರಿನಲ್ಲಿ ಹೇಳುವವನು, ಹೆಂಡತಿಯ ಹೊಟ್ಟೆಯ ವಿಷಯ ಬಂದರೆ ಮಾತ್ರ ಎಲ್ಲವೂ ಸುಮಾರು, ಅಂದಾಜು.

ಮಹಾಶ್ವೇತಾ ಧಾರವಾಡದಲ್ಲಿ ಹೋಮ್ ಸೈನ್ಸ್ ಓದಿದವಳು. ಇಲ್ಲಿ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಅಲ್ಲಿ ಪ್ರತಿಯೊಬ್ಬರ ಟ್ರೇ ಮೇಲೆ ಒಂದು ಕಾರ್ಡು ಇರುತ್ತದೆ: ಇವರಿಗೆ ಮೀನು ಆಗದು, ಇವರಿಗೆ ನೀರನ್ನೂ ಮಂದ ಮಾಡಿ ಕೊಡಬೇಕು, ಇವರ ಬ್ರೆಡ್ಡಿಗೆ ಅಂಚು ಕತ್ತರಿಸಬೇಕು. ಕಾರ್ಡು ತಪ್ಪಿದರೆ ವರದಿ ಬರೆಯಬೇಕು. ಏಳು ವರ್ಷದಲ್ಲಿ ಅವಳಿಂದ ಒಂದು ಕಾರ್ಡೂ ತಪ್ಪಿರಲಿಲ್ಲ. ಸಂಜೆ ಮನೆಗೆ ಬಂದರೆ, ಎಲ್ಲರೂ ಚಪಾತಿ ಉಂಡೆದ್ದು, ಮೇಜು ಒರೆಸಿ ಮುಗಿದ ಮೇಲೆ ತನ್ನ ಅನ್ನದ ತಟ್ಟೆ ಹಿಡಿದು ಕೂರುತ್ತಿದ್ದಳು. ಪುಡಿ ಬಿದ್ದ ಮೇಜಿನಲ್ಲಿ ಉಣ್ಣುವ ಹಾಗಿಲ್ಲ, ಬೇಗ ಮುಗಿಸಿ ಎನ್ನುವ ಹಾಗೂ ಇಲ್ಲ. ಅಷ್ಟೊತ್ತಿಗೆ ವಿಜಯ ಟಿವಿಯ ಮುಂದೆ, ಅತ್ತೆ ನೀಲಕ್ಕ ತನ್ನ ಕೋಣೆಯಲ್ಲಿ.

ಪ್ರೋಟೀನ್ ಪುಡಿಯನ್ನು ಆರಿಸುವ ಕೆಲಸ ಮಗಳು ಆದ್ಯಾಳದು. ಅವಳು ಸಿಡ್ನಿಯಲ್ಲಿ ಮೊದಲ ವರ್ಷದ ಡಿಗ್ರಿ ಓದುತ್ತ, ಎಪ್ಪಿಂಗಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜತೆ ಇದ್ದಳು. ಶನಿವಾರ ಮಹಾಶ್ವೇತಾ ಔಷಧಿ ಅಂಗಡಿಯ ಕಪಾಟಿನ ಮುಂದೆ ನಿಂತು ವಿಡಿಯೋ ಕರೆ ಮಾಡಿ, ಒಂದೊಂದೇ ಡಬ್ಬಿಯ ಬೆನ್ನು ತೋರಿಸುವಳು.

"ಸ್ಟಾಪ್, ಅಮ್ಮಾ, ಹತ್ರ ತಗೊಂಬಾ. 'ಬಾರ್ಲಿ ಮಾಲ್ಟ್' ಅಂತಿದೆ. ಪುಟ್ ಇಟ್ ಬ್ಯಾಕ್."

"ಮುಂದ 'ವೀಟ್ ಫ್ರೀ' ಅಂತ ದೊಡ್ಡದಾಗಿ ಬರದಾರಲ್ಲವಾ."

"ವೀಟ್ ಫ್ರೀ ಅಂದ್ರೆ ಗ್ಲುಟನ್ ಫ್ರೀ ಅಲ್ಲಮ್ಮಾ, ಎಷ್ಟ್ ಸಲ ಹೇಳ್ಲಿ! ನೆಕ್ಸ್ಟ್. ಇದು ವ್ಹೇ, ಅಂದ್ರೆ ಹಾಲಿಂದು, ನೋ. ಇದ್ರಲ್ಲಿ ಓಟ್ಸ್, ನೋ. ಆ ಗ್ರೀನ್ ಡಬ್ಬಿ ತೋರ್ಸು. ಬಟಾಣಿ ಪ್ರೋಟೀನ್... ಗ್ಲುಟನ್ ಫ್ರೀ ಅಂತ ಬರ್ದಿದಾರೆ, 'ಮೇ ಕಂಟೈನ್ ವೀಟ್' ಅನ್ನೋ ವಾರ್ನಿಂಗೂ ಇಲ್ಲ. ಗುಡ್. ಅದನ್ನ ತಗೋ. ಓಕೆ, ಕ್ಲಾಸ್ ಇದೆ, ಬೈ."

ಹತ್ತು ನಿಮಿಷದ ಆ ಕರೆಗೆ ಮಹಾಶ್ವೇತಾ ವಾರವಿಡೀ ಕಾಯುತ್ತಿದ್ದಳು. ಆರಿಸಿದ ಮೇಲೂ ಇನ್ನೆರಡು ಡಬ್ಬಿ ಎತ್ತಿ ತೋರಿಸಿ, "ಇದೂ ನೋಡಿಬಿಡವಾ" ಎನ್ನುತ್ತಿದ್ದಳು.

ಬಟಾಣಿಯ ಪುಡಿಗೆ ಕೆರೆಯ ಮಣ್ಣಿನ ವಾಸನೆ. ಅಕ್ಕಿಯ ಪ್ರೋಟೀನು ಸೀಮೆಸುಣ್ಣ. ಮೂರನೆಯದಕ್ಕೆ ಹಾಕಿದ ಸಕ್ಕರೆಯಲ್ಲದ ಸಿಹಿ ನಾಲಿಗೆಯ ಹಿಂಭಾಗದಲ್ಲಿ ರಾತ್ರಿಯವರೆಗೂ ಉಳಿಯುತ್ತಿತ್ತು. ಆದರೂ ಕುಡಿದಳು. ಮೇ ತಿಂಗಳ ಹೊತ್ತಿಗೆ ತೂಕ ಒಂದೂವರೆ ಕಿಲೋ ಏರಿತು.

ಅದೇ ಮೇ ತಿಂಗಳ ಒಂದು ಸಂಜೆ ಅವಳು ಸಿಂಕಿನ ಮುಂದೆ ನಿಂತು, ಮೂಗು ಹಿಡಿದು ಲೋಟ ಎತ್ತುತ್ತಿದ್ದಾಗ ನೀಲಕ್ಕ ಬಾಗಿಲಲ್ಲಿ ಬಂದು ನಿಂತಳು. ಎಪ್ಪತ್ತರ ಹೆಂಗಸು. ಗಂಡ ಚನ್ನಬಸಯ್ಯ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ಇಲ್ಲೇ ಇದ್ದಳು. ಅತ್ತೆ ಸೊಸೆ ಜಗಳವಾಡಿದವರಲ್ಲ, ಕೂತು ಮಾತಾಡಿದವರೂ ಅಲ್ಲ. ಹಾಲು ತಂದೆಯಾ, ತಂದೆ. ಬಟ್ಟೆ ಒಣಗಿತಾ, ಒಣಗಿತು. ಅಷ್ಟರಲ್ಲೇ ನಾಲ್ಕು ವರ್ಷ ಕಳೆದಿತ್ತು.

"ಏನಿದು, ಗ್ವಾಡಿಗೆ ಬಳಿಯೂ ಸುಣ್ಣ ಕುಡದಂಗ ಕುಡ್ಯಾಕತ್ತೀಯಲ್ಲ?"

"ಡಾಕ್ಟರ್ ಹೇಳ್ಯಾರ್ರಿ ಅತ್ತಿ."

"ಡಾಕ್ಟರ್ ಒಂದ್ಸಲ ಕುಡದು ನೋಡ್ಯಾನೇನು? ನಿನಗ ಆಗದಿದ್ದದ್ದು ಯಾವ್ಯಾವ ಕಾಳು, ಅದನ್ನ ಹೇಳು."

ಹೇಳಿದಳು. ಮರುದಿನ ಕೆಲಸದಿಂದ ಬಂದಾಗ ನೀಲಕ್ಕ ಬಿಸಿಲು ಬೀಳುವ ಕಿಟಕಿಯ ಬಳಿ ಕಾಲು ಚಾಚಿ ಕೂತು, ದೊಡ್ಡ ತಟ್ಟೆಯಲ್ಲಿ ಜೋಳ ಹರವಿಕೊಂಡು ಆರಿಸುತ್ತಿದ್ದಳು. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ. ಜೋಳದಲ್ಲಿ ಸೇರಿಕೊಂಡಿದ್ದ ಗೋಧಿಕಾಳುಗಳನ್ನು ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕುತ್ತಿದ್ದಳು.

"ಎಣಿಸಿನಿ. ಹನ್ನೊಂದ ಇದ್ದುವು," ಎಂದಳು, ಕಳ್ಳರನ್ನು ಹಿಡಿದವಳ ಹಾಗೆ.

ಜೋಳ, ರಾಗಿ, ಹೆಸರು, ಮಡಿಕೆ ಕಾಳು ಬೇರೆ ಬೇರೆ ಹುರಿದಳು. ಸೊಸೆಯ ಹಂಚಿನಲ್ಲೇ, ನೀಲಿ ಟೇಪಿನ ಈಚೆಗೇ ನಿಂತು. ಶೇಂಗಾ ಎಣ್ಣೆ ಬಿಡುತ್ತದೆಂದು ಅದನ್ನು ಮಾತ್ರ ಸೊಸೆಯ ಮಿಕ್ಸಿಗೆ ಹಾಕಿದಳು. ಉಳಿದದ್ದನ್ನು ಡಬ್ಬಿಗೆ ತುಂಬಿಕೊಂಡು ಶನಿವಾರ ಶೇಖರಪ್ಪನ ಮನೆಗೆ ಹೋಗಿ ಬೀಸಿಕೊಂಡು ಬಂದಳು. ಮೂರು ಬೀದಿ ಆಚೆಗಿನ ಶೇಖರಪ್ಪ ಬೆಳಗಾವಿಯವನು. ಊರಿಂದ ಸಾಮಾನಿನ ಜತೆ ಹಡಗಿನಲ್ಲಿ ತರಿಸಿದ ಪುಟ್ಟ ಹಿಟ್ಟಿನ ಗಿರಣಿ ಅವನ ಗ್ಯಾರೇಜಿನಲ್ಲಿತ್ತು. ಅಂಗಡಿಯ ಹಿಟ್ಟಿನಲ್ಲಿ ರೊಟ್ಟಿ ಬಿರಿಯುತ್ತದೆ ಎಂದು ಸುತ್ತಲಿನ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರೆಲ್ಲ ಶನಿವಾರ ಅಲ್ಲಿಗೇ ಹೋಗುತ್ತಿದ್ದರು.

ಸಂಜೆ ಆರಕ್ಕೆ ನೀಲಕ್ಕ ಹಿಟ್ಟಿಗೆ ಬಿಸಿನೀರು, ಬೆಲ್ಲ, ಏಲಕ್ಕಿ ಹಾಕಿ ಕದಡಿ ಲೋಟವನ್ನು ಸೊಸೆಯ ಮುಂದಿಟ್ಟಳು. ಕುಡಿದು ಮುಗಿಸುತ್ತಾಳೋ ಇಲ್ಲವೋ ನೋಡಬೇಕೆಂದು ಎದುರಿನ ಕುರ್ಚಿ ಎಳೆದು ಕೂತಳು.

"ಹೆಂಗೈತಿ?"

"ಭಾಳ ಚಲೋ ಅದರಿ."

"ಮತ್ತ? ಡಬ್ಬಿಯೊಳಗ ಬೆಲ್ಲ ಹಾಕ್ತಾರೇನು?"

ಹೀಗೆ ಸಂಜೆಯ ಲೋಟ ನೀಲಕ್ಕನದಾಯಿತು, ಬೆಳಗಿನದು ಡಬ್ಬಿಯದೇ ಉಳಿಯಿತು. ವಿಜಯ ಬರುವುದು ಆರೂಮುಕ್ಕಾಲಕ್ಕೆ. ಆ ಮುಕ್ಕಾಲು ಗಂಟೆ ಅತ್ತೆ ಸೊಸೆ ಇಬ್ಬರೇ. ಮೊದಲ ದಿನಗಳಲ್ಲಿ ಹಿಟ್ಟಿನ ಮಾತು. ಆಮೇಲೆ ನೀಲಕ್ಕ ತನ್ನ ಅತ್ತೆ ಉಪ್ಪಿನ ಡಬ್ಬಿಗೆ ಬೀಗ ಹಾಕುತ್ತಿದ್ದದ್ದನ್ನು ಹೇಳಿದಳು. ಚನ್ನಬಸಯ್ಯ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ದಿನ ಕನ್ನಡಿ ನೋಡಿ ತನಗೆ ತಾನೇ ನಮಸ್ಕಾರ ಮಾಡಿದ್ದನ್ನು ಹೇಳಿ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಹಾಶ್ವೇತಾ ಲೋಟವನ್ನು ಬೇಕೆಂದೇ ನಿಧಾನ ಕುಡಿಯುತ್ತಿದ್ದಳು. ಯಾರೋ ಎದುರಿಗೆ ಕೂತಿರುವಾಗ ಬಾಯಿಗೆ ಏನಾದರೂ ಹಾಕಿಕೊಂಡು ಎಷ್ಟು ದಿನವಾಗಿತ್ತು!

ಜೂನ್ ಕೊನೆಯ ಶನಿವಾರ ನೀಲಕ್ಕನ ಮೊಣಕಾಲು ಹಿಡಿದುಕೊಂಡಿತು. ಹುರಿದ ಕಾಳಿನ ಡಬ್ಬಿ ಎತ್ತಿಕೊಂಡು ಮಹಾಶ್ವೇತಾಳೇ ಗಿರಣಿಗೆ ಹೋದಳು. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಗಿರಣಿ ಬಿಸಿಯಾಗಿ ಗುಂಯ್‌ಗುಡುತ್ತಿತ್ತು. ಅವಳಿಗಿಂತ ಮುಂಚೆ ಬಂದಿದ್ದ ಸಂಧ್ಯಾರಾಣಿ ಎಂಬವಳು ಬುಟ್ಟಿ ತುಂಬ ಗೋಧಿಹಿಟ್ಟು ತುಂಬಿಕೊಳ್ಳುತ್ತಿದ್ದಳು. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಚೀಲ ಹಿಟ್ಟು ಕುಡಿದು ಗಟ್ಟಿಯಾಗಿತ್ತು.

"ಹಾಕ್ರಿ ಅಕ್ಕಾರ, ನಿಮ್ಮದ ಪಾಳಿ," ಎಂದ ಶೇಖರಪ್ಪ.

"ಈಗ ಗೋದಿ ಬೀಸಿದ್ರಲ್ಲರಿ..."

"ಹೌದ್ರಿ. ಮೊದಲ ಗೋದಿ, ಆಮ್ಯಾಲ ಜ್ವಾಳ, ಖಾರ ಕಡೀಕ. ನಮ್ಮೂರ ಗಿರಣ್ಯಾಗೂ ಹಂಗ ಅಲ್ಲೇನ್ರಿ? ಖಾರ ಮೊದಲ ಹಾಕಿದ್ರ ಎಲ್ಲಾರ ರೊಟ್ಟಿನೂ ಖಾರ ಆಗ್ತಾವ."

"ನಡುವ ಒಳಗ ಬಿಚ್ಚಿ ಒರಸ್ತೀರೇನ್ರಿ?"

ಶೇಖರಪ್ಪ ನಕ್ಕ. "ಬಿಚ್ಚಿ ಎರಡ ವರ್ಷ ಆತ್ರಿ. ಯಾಕ್ರಿ, ಸಂಧ್ಯಾರಾಣಿ ಅಕ್ಕಾರ ಹಿಟ್ಟು ಒಂದ್ ಹಿಡಿ ನಿಮಗ ಬಂದ್ರ ಲಾಭ ನಿಮಗ ಅಲ್ಲೇನು?"

ಸಂಧ್ಯಾರಾಣಿಯೂ ನಕ್ಕಳು. ಮಹಾಶ್ವೇತಾಳಿಗೆ ಕಿವಿ ಬಿಸಿಯಾಯಿತು. ಆರು ವಾರ ಹೊಟ್ಟೆ ಉಬ್ಬರಿಸಿದ್ದು, ಬೆಳಿಗ್ಗೆ ಬಾತ್ರೂಮಿಗೆ ಓಡಿದ್ದು, ಕೆಲಸದಲ್ಲಿ ಕಾಲು ಸೋತು ಫ್ರಿಜ್ ಹಿಡಿದು ನಿಂತದ್ದು ಎಲ್ಲಕ್ಕೂ ಕಾರಣ ಈ ಬಟ್ಟೆಯ ಚೀಲದಲ್ಲಿ ಬೆಳ್ಳಗೆ ಕಣ್ಣ ಮುಂದಿತ್ತು. ಏಳು ವರ್ಷ ಒಂದು ಕಾರ್ಡೂ ತಪ್ಪದವಳಿಗೆ ಗಿರಣಿಯ ಬಗ್ಗೆ ಕೇಳಲು ಹೊಳೆದಿರಲಿಲ್ಲ. ಆದರೂ ಕಾಳು ಸುರಿದಳು. ಹಿಟ್ಟಾಯಿತು. ತಂದಳು.

ದಾರಿಯುದ್ದಕ್ಕೂ ಹೇಳಬೇಕೆಂದೇ ಬಂದಳು. ಸಂಜೆ ಆರಕ್ಕೆ ನೀಲಕ್ಕ ಕುಂಟುತ್ತ ಬಂದು ಲೋಟ ಇಟ್ಟು, ಕುರ್ಚಿ ಎಳೆದು, "ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ನಮ್ಮ ಮಾವನ ಎರಡನೇ ಲಗ್ನ," ಎಂದು ಶುರು ಮಾಡಿದಳು. ಮಹಾಶ್ವೇತಾ ಲೋಟದೊಳಗೆ ನೋಡಿದಳು. ಈಗ ಹೇಳಿದರೆ ಅತ್ತೆ ಎದ್ದು ಹೋಗುತ್ತಾಳೆ. ಎದ್ದು ಹೋದರೆ ಮತ್ತೆ ಬರುವ ಹೆಂಗಸಲ್ಲ.

ಕುಡಿದಳು.

ಭಾನುವಾರ ಹೇಳೋಣ ಎಂದುಕೊಂಡಳು. ಭಾನುವಾರ ಮಾವನ ಎರಡನೇ ಲಗ್ನ ಮುಗಿದಿರಲಿಲ್ಲ. ಹಾಗೆ ಐದು ವಾರ ಹೋಯಿತು.

ಆಗಸ್ಟಿನ ಮೊದಲ ವಾರ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಅಂಕಿ ಇಳಿದಿರಲಿಲ್ಲ, ಏರಿತ್ತು. ತೂಕ ಮತ್ತೆ ನಲವತ್ನಾಲ್ಕಕ್ಕೆ ಬಂದು ನಿಂತಿತ್ತು. ತಿಂಗಳೊಳಗೆ ಕೊಳವೆ ಹಾಕಿ ನೋಡಲು ದಿನ ಗೊತ್ತು ಮಾಡಿದರು. ಆ ಸಂಜೆ ವಿಜಯ ಕಾಗದವನ್ನು ಮೇಜಿನ ಮೇಲೆ ಹಾಕಿ, ಆದ್ಯಾಳಿಗೆ ವಿಡಿಯೋ ಕರೆ ಮಾಡಿದ. ಫೋನನ್ನು ಉಪ್ಪಿನಕಾಯಿ ಬಾಟಲಿಗೆ ಆನಿಸಿಟ್ಟ.

"ಡಬ್ಬಿ ಆರಿಸಿದವರು ಯಾರು? ನೀನು. ಏನ್ ಓದಿ ಆರಿಸಿದಿ?"

"ಪಪ್ಪಾ, ಐ ಚೆಕ್ಡ್ ಎವ್ರಿ ಸಿಂಗಲ್ ಒನ್! ಎಲ್ಲ ಫೋಟೋ ಇಟ್ಕೊಂಡಿದೀನಿ."

"ಹಂಗಾರ ಯಾಕ ಏರೇತಿ? ಗಾಳಿ ಕುಡದು ಏರೇತೇನು?"

"ನಂಗೆ ಗೊತ್ತಿಲ್ಲ! ಕಂಪನಿಗೆ ಈಮೇಲ್ ಮಾಡ್ತೀನಿ. ನಾನು..." ಆದ್ಯಾಳ ದನಿ ಒಡೆಯಿತು. "ಅಮ್ಮಾ, ನಾನೇನಾದ್ರೂ ಮಿಸ್ ಮಾಡಿದ್ನಾ?"

"ಇಲ್ಲವಾ," ಎಂದಳು ಮಹಾಶ್ವೇತಾ.

ಒಲೆಯ ಕಡೆಯಿಂದ ನೀಲಕ್ಕ ತಿರುಗಿದಳು. "ನಾ ಮೊದಲ ಹೇಳಿದ್ದೆ. ಆ ಡಬ್ಬಿ ಕಸದಾಗ ಒಗೀರಿ. ನಾಳಿಂದ ಎರಡೂ ಹೊತ್ತು ನನ್ನ ಹಿಟ್ಟ ಕುಡೀಲಿ. ಒಂದ ತಿಂಗಳಾಗ ಹೆಂಗ ಆಗ್ತಾಳ ನೋಡ್ರಿ."

"ಅದ ಚಲೋ ನೋಡು," ಎಂದ ವಿಜಯ.

ಫೋನಿನಲ್ಲಿ ಆದ್ಯಾ ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಹಾಶ್ವೇತಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಡಬ್ಬಿಯೊಳಗ ಏನೂ ಇಲ್ಲರಿ. ಹಿಟ್ಟಿನಾಗ ಗೋದಿ ಅದ."

"ಯಾವ ಹಿಟ್ಟಿನಾಗ?" ಎಂದಳು ನೀಲಕ್ಕ.

"ನಿಮ್ಮ ಹಿಟ್ಟಿನಾಗ, ಅತ್ತಿ."

"ಒಂದೊಂದ ಕಾಳು ಆರಿಸೀನಿ ನಾನು! ಕಣ್ಣ ಹೋಗೂತನಕಾ ಆರಿಸೀನಿ!"

"ನಿಮ್ಮ ಕಾಳಿನಾಗ ಇಲ್ಲರಿ. ಶೇಖರಪ್ಪನ ಗಿರಣ್ಯಾಗ ಗೋದಿ ಬೀಸಿದ ಮ್ಯಾಲ ನಮ್ಮದು ಬೀಸ್ತಾರ. ಒಳಗಿನ ಹಿಟ್ಟೆಲ್ಲಾ ನಮ್ಮದರಾಗ ಬರ್ತದ."

ಸಾರು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು. ವಿಜಯನೇ ಕೇಳಿದ: "ಇದು ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಲು ಒಂದು ಕ್ಷಣ ಸಮಯವಿತ್ತು.

"ಐದ ವಾರ ಆತು."

"ಐದ ವಾರ! ಗೊತ್ತಿದ್ದೂ ಕುಡದಿ? ತಲಿ ನೆಟ್ಟಗ ಐತಿಲ್ಲೊ ನಿಂದು?"

"ಅಮ್ಮಾ, ವಾಟ್?" ಎಂದಳು ಆದ್ಯಾ ಫೋನಿನಿಂದ. "ವೈ ವುಡ್ ಯೂ ಡೂ ದಟ್?"

ಮಹಾಶ್ವೇತಾಳ ಉತ್ತರ ತೀರ ಸಣ್ಣದಿತ್ತು. ಗಂಡನ ಮುಂದೆ, ಮಗಳ ಮುಂದೆ, ಆಸ್ಪತ್ರೆಯ ಕಾಗದದ ಮುಂದೆ ಅದನ್ನು ಇಡಲು ನಾಚಿಕೆಯಾಯಿತು.

ನೀಲಕ್ಕ ಒಲೆ ಆರಿಸಿದಳು. ಹಿಟ್ಟಿನ ಡಬ್ಬಿ ತಂದು ಕಸದ ಬುಟ್ಟಿಗೆ ಬೋರಲು ಹಾಕಿದಳು. ಹಿಟ್ಟಿನ ಹೊಗೆ ಎದ್ದಿತು.

"ತಿಳೀತು ಬಿಡು," ಎಂದಳು. "ನನ್ನ ಮ್ಯಾಲ ಹೊರಸಾಕ ಕುಡದೀ. ಮುದುಕಿ ವಿಷಾ ಹಾಕಿದ್ಲು ಅಂತ ನಾಕ ಮಂದಿ ಮುಂದ ಹೇಳಾಕ ಬೇಕಾಗಿತ್ತು. ಕಾಗದ ಬರೂತನಕಾ ಕಾದಿ."

"ಅತ್ತೀ, ಹಂಗಲ್ಲರಿ..."

ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಆಮೇಲಿನ ಹದಿನೈದು ದಿನ ಸಂಜೆ ಆರು ಗಂಟೆಗೆ ಮಹಾಶ್ವೇತಾ ಡಬ್ಬಿಯ ಪುಡಿಯನ್ನು ಸಿಂಕಿನ ಮುಂದೆ ನಿಂತು ಕುಡಿದಳು. ನೀಲಕ್ಕ ಹಾಲು ಬೇಕೆಂಬುದನ್ನೂ ಮಗನ ಮೂಲಕ ಹೇಳಿಸಿದಳು. "ಅವ್ವನ ಕಾಲಿಗೆ ಬಿದ್ದಬಿಡು, ಮುಗೀತದ," ಎಂದ ವಿಜಯ. ಮಹಾಶ್ವೇತಾ ಎರಡು ಸಲ ಅತ್ತೆಯ ಬಾಗಿಲು ತಟ್ಟಿದಳು. "ಮಲಗೀನಿ," ಎಂಬ ಉತ್ತರ ಬಂತು. ಕೊಳವೆ ಪರೀಕ್ಷೆಗೆ ಇನ್ನೂ ಹತ್ತು ದಿನವಿದ್ದಾಗ ಆದ್ಯಾ ಸಿಡ್ನಿಗೆ ಟಿಕೆಟ್ಟು ಬುಕ್ ಮಾಡಿ ಕಳಿಸಿದಳು. ಒಂದು ವಾರ ಬಾ, ನಾನೇ ನೋಡಿಕೊಳ್ಳುತ್ತೇನೆ ಎಂದು.

ಎಪ್ಪಿಂಗಿನ ಫ್ಲ್ಯಾಟು ಎಂಟನೇ ಮಹಡಿಯಲ್ಲಿತ್ತು. ಆದ್ಯಾ ಅಮ್ಮನಿಗಾಗಿಯೇ ಹೊಸ ಬ್ಲೆಂಡರು ಕೊಂಡು, ಅದರ ಮೇಲೆ ಮಾರ್ಕರಿನಲ್ಲಿ 'ಅಮ್ಮ ಓನ್ಲಿ' ಎಂದು ಬರೆದಿಟ್ಟಿದ್ದಳು. ಕಪಾಟಿನಲ್ಲಿ ಮೂರು ಹೊಸ ಡಬ್ಬಿ. ಮಹಾಶ್ವೇತಾ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆದರೆ ಹುಡುಗಿಗೆ ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ಸಂಜೆ ಒಂದು ಕೆಫೆಯಲ್ಲಿ ಕೆಲಸ. ಜತೆಯ ಹುಡುಗಿಯರು "ಹಾಯ್ ಆಂಟಿ" ಎಂದು ತಮ್ಮ ಕೋಣೆ ಸೇರಿಕೊಳ್ಳುತ್ತಿದ್ದರು.

"ಅಮ್ಮಾ, ಯೂ ಆಲ್ ರೈಟ್? ಬೋರ್ ಆಗುತ್ತಾ?"

"ಇಲ್ಲವಾ. ನೀ ಹೋಗು, ತಡಾ ಆಗ್ತದ."

ದಿನವಿಡೀ ಕಿಟಕಿಯ ಬಳಿ ಕೂತು ಕೆಳಗೆ ಹೋಗುವ ರೈಲು ನೋಡಿದಳು. ಮೂರನೆಯ ದಿನ ಬ್ಲೆಂಡರನ್ನು ಬಳಸದಿದ್ದರೂ ತೊಳೆದಿಟ್ಟಳು, ಮಗಳಿಗೆ ಕುಡಿದಂತೆ ಕಾಣಲಿ ಎಂದು. ತೊಳೆದು ಮುಗಿದ ಮೇಲೆ, ಇಲ್ಲೂ ಮುಚ್ಚಿಡುತ್ತಿದ್ದೇನೆಂದು ಹೊಳೆದು ಬ್ಲೆಂಡರನ್ನು ಒದ್ದೆಯಾಗಿಯೇ ಮೂಲೆಗೆ ಸರಿಸಿದಳು.

ಆ ಸಂಜೆಯೇ ಫೋನು ಬಂತು. ಹೆಸರು ನೋಡಿ ಅವಳಿಗೆ ನಂಬಿಕೆಯಾಗಲಿಲ್ಲ. ನಾಲ್ಕು ವರ್ಷದಲ್ಲಿ ನೀಲಕ್ಕ ಒಮ್ಮೆಯೂ ಅವಳಿಗೆ ತಾನಾಗಿ ಫೋನು ಮಾಡಿರಲಿಲ್ಲ.

"ಅತ್ತೀ? ಆರಾಮ ಇದ್ದೀರಿಲ್ರಿ? ಅವರು ಬಂದ್ರೇನು?"

"ಇನ್ನೂ ಬಂದಿಲ್ಲ. ನಾ ಶೇಖರಪ್ಪನ ಕಡೆ ಹೋಗಿದ್ದೆ."

ಮಹಾಶ್ವೇತಾ ರೈಲಿನ ಸದ್ದಿಗೆ ಕಿಟಕಿ ಮುಚ್ಚಿದಳು.

"ಗಿರಣಿ ಬಿಚ್ಚಿ ತೋರಸು ಅಂದೆ. ಬಿಚ್ಚಿದ. ಒಳಗ ಬೆರಳಗಟ್ಲೆ ಹಿಟ್ಟು ಕುಂತಿತ್ತು." ನೀಲಕ್ಕ ಉಸಿರು ಎಳೆದುಕೊಂಡಳು. "ನಾ ಹನ್ನೊಂದ ಕಾಳು ಆರಿಸಿ ಕುಣದಿದ್ದೆ."

"ನಿಮಗ ಹೆಂಗ ಗೊತ್ತಾಗಬೇಕ್ರಿ."

"ನನಗ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು. ಅದನ್ನ ಕೇಳಾಕ ಮಾಡೀನಿ. ನನ್ನ ಮ್ಯಾಲ ಹೊರಸೂ ಹೆಣಮಗಳಲ್ಲ ನೀನು, ಹದಿನೈದ ದಿನ ವಿಚಾರ ಮಾಡೀನಿ. ಹೊರಸೂದಿದ್ರ ಗೊತ್ತಾದ ದಿನಾನ ಹೊರಸ್ತಿದ್ದಿ. ಮತ್ತ ಯಾಕ ಕುಡದಿ? ಖರೇ ಹೇಳು."

ಪಕ್ಕದ ಕೋಣೆಯಲ್ಲಿ ಹುಡುಗಿಯೊಬ್ಬಳು ಯಾರ ಜತೆಗೋ ನಗುತ್ತಿದ್ದಳು. ಮಹಾಶ್ವೇತಾ ದನಿ ತಗ್ಗಿಸಿದಳು.

"ನೀವು ಎದರಿಗೆ ಕೂಡ್ತಿದ್ರಿ."

ಸಂಪರ್ಕ ತಪ್ಪಿತೆಂದು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಸೆಕೆಂಡುಗಳು ಓಡುತ್ತಿದ್ದವು.

"ಹಿಟ್ಟು ಬಿಡ್ರಿ ಅಂದ್ರ ನೀವು ಎದ್ದ ಹೋಗ್ತೀರಿ ಅಂತ... ಅಷ್ಟರಿ. ಮತ್ತೇನಿಲ್ಲ."

"ಹುಚ್ಚೀ," ಎಂದಳು ನೀಲಕ್ಕ. ದನಿ ಒರಟಾಗಿತ್ತು. "ಅದಕ್ಕ ಕಳ್ಳ ಸುಟ್ಟಕೊಂಡೀಯೇನು?"

ಕರುಳಿಗೆ ಕಳ್ಳು ಎಂಬ ಆ ಮಾತನ್ನು ಮಹಾಶ್ವೇತಾ ತವರಿನಲ್ಲಿ ಕೇಳಿದ್ದು, ಆಮೇಲೆ ಕೇಳಿರಲಿಲ್ಲ.

"ಇವತ್ತ ಡಬ್ಬಿಯೊಳಗಿಂದು ಕುಡದಿಯೇನು?"

"ಇಲ್ಲರಿ."

"ನಿನ್ನೆ?"

"ನಿನ್ನೆ ಅರ್ಧ."

"ಹೋಗಿ ಕಲಸ್ಕೊ. ಈಗಿಂದೀಗ. ಫೋನ್ ಅಲ್ಲೇ ಇಡು, ನಾ ಇರ್ತೀನಿ."

ಮಹಾಶ್ವೇತಾ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲಿಟ್ಟಳು. ಎರಡು ಚಮಚ ಪುಡಿ, ನೀರು. ಬ್ಲೆಂಡರು ಕಿರುಚಿ ನಿಂತಿತು. ಲೋಟಕ್ಕೆ ಸುರಿದುಕೊಂಡು, ಮೊದಲ ಸಲ ಆ ಮನೆಯ ಮೇಜಿಗೆ ಹೋಗಿ ಕುರ್ಚಿಯಲ್ಲಿ ಕೂತಳು. ಫೋನನ್ನು ಎದುರಿಗೆ ಇಟ್ಟುಕೊಂಡಳು. ಆ ಕಡೆ ಯಾವುದೋ ಪಾತ್ರೆ ಸರಿಸಿದ ಸದ್ದು, ಒಂದು ಕೆಮ್ಮು. ಮೆಲ್ಬರ್ನಿನ ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಸಣ್ಣಗೆ ಕೇಳಿಸುತ್ತಿತ್ತು.

"ಕುಡ್ಯಾಕತ್ತೀಯೇನು?"

"ಹೂಂ ರೀ."

"ಹೆಂಗೈತಿ?"

"ಸುಣ್ಣ ಇದ್ದಂಗ ಅದ."

"ಇರಲಿ," ಎಂದಳು ನೀಲಕ್ಕ. "ಸಾವಕಾಶ ಕುಡಿ."